ತಾಮ್ರದ ಅಡಿಯ ಕಬ್ಬಿಣ

ನಾನು ಕಟ್ಟಿದ ಬೋಟುಗಳಲ್ಲಿ ಈಗ ಒಂದೂ ನೀರಿನ ಮೇಲಿಲ್ಲ. ಕೆಲವು ಮಲ್ಪೆಯ ಹೊಳೆಯ ಬದಿಯಲ್ಲಿ ಕೆಸರಿನೊಳಗೆ ಕೂತು ಕೊಳೆತವು. ಕೆಲವನ್ನು ಒಡೆದು ಸೌದೆಗೆ ಕೊಟ್ಟರು. ಒಂದು ಮಾತ್ರ ಕಾಪುವಿನ ಎದುರಿನ ಸಮುದ್ರದ ತಳದಲ್ಲಿದೆ. ಅದನ್ನು ಮುಳುಗಿಸಿದವನು ಅದರ ತಂಡೇಲ, ಅಂದರೆ ಅದನ್ನು ನಡೆಸುತ್ತಿದ್ದವನು ಎಂದು ಊರು ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ನಂಬಿದೆ. ಅವನೂ ಹಾಗೆಯೇ ನಂಬಿದ್ದ. ಮುಳುಗಿಸಿದವನು ನಾನು.

ನಾನು ಹತ್ತನೇ ತರಗತಿಯವರೆಗೆ ಓದಿದವನು. ಆಮೇಲೆ ಸೋದರಮಾವನ ಹಿಂದೆ ಬೋಟು ಕಟ್ಟುವ ಕೆಲಸಕ್ಕೆ ಹೋದೆ, ಮೇಸ್ತ್ರಿಯಾದೆ. ಬರೆಯುವ ಅಭ್ಯಾಸ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಬಾಯಲ್ಲಿ ಹೇಳಿ ನೋಡಿದ್ದಾಯಿತು.

ಈ ವಿಷಯವನ್ನು ನನ್ನ ಬಾಯಿಂದ ಹೊರಡಿಸಿದ್ದು ಒಂದು ಹಳೆಯ ಯುದ್ಧನೌಕೆ. ಇನ್ನೂರೈವತ್ತು ವರ್ಷಗಳ ಹಿಂದೆ ಇಂಗ್ಲಿಷರು ಹಾಯಿ ಕಟ್ಟಿ ಓಡಿಸುತ್ತಿದ್ದ, ಎರಡು ಸಾಲು ಫಿರಂಗಿಗಳ ದೊಡ್ಡ ಹಡಗು. ಅದರ ಒಂದು ಮಾದರಿ ಬೇಕೆಂದು ಮಣಿಪಾಲದಲ್ಲಿ ಫ್ಲ್ಯಾಟಿನಲ್ಲಿರುವ ಒಬ್ಬರು ನಿವೃತ್ತ ಡಾಕ್ಟ್ರಮ್ಮನಿಗೆ ಆಸೆಯಾಗಿತ್ತು. ಓದಲು ಪರದೇಶಕ್ಕೆ ಹೋಗಿದ್ದಾಗ ಅಂಥದ್ದನ್ನು ಗಾಜಿನ ಪೆಟ್ಟಿಗೆಯಲ್ಲಿ ನೋಡಿದ್ದರಂತೆ. ಮರದ ಕೆಲಸದವರು ಬೇಕು, ಆದರೆ ಮೇಜು ಕುರ್ಚಿ ಮಾಡುವವರಲ್ಲ, ಹಡಗಿನ ಹೊಟ್ಟೆ ಹೇಗಿರುತ್ತದೆಂದು ಬಲ್ಲವರು ಬೇಕು ಎಂದು ಅವರು ತಮ್ಮ ಕಟ್ಟಡದ ವಾಚ್‌ಮನ್ ಹತ್ತಿರ ವಿಚಾರಿಸಿದರು.

ಆ ವಾಚ್‌ಮನ್ನೇ ನಮ್ಮ ತಂಡೇಲ. ಬೋಟು ಮುಳುಗಿದ ಮೇಲೆ ಅವನು ಸಮುದ್ರಕ್ಕೆ ಕಾಲಿಡಲಿಲ್ಲ. ಯಾರೂ ಅವನಿಗೆ ಬೋಟು ಕೊಡಲೂ ಇಲ್ಲ. ಕೆಮ್ಮಣ್ಣಿನ ತನ್ನ ಮನೆಯಂಗಳದಲ್ಲಿ ಕೂತು ಬೇರೆಯವರ ಬಲೆ ನೇಯ್ದುಕೊಂಡಿದ್ದು, ಕಣ್ಣು ಮಂಜಾದ ಮೇಲೆ ಮಣಿಪಾಲದ ಗೇಟಿಗೆ ಬಂದು ನಿಂತವನು. ಅವನು ಡಾಕ್ಟ್ರಮ್ಮನಿಗೆ ಹೇಳಿದ್ದು ಹೀಗೆ: “ಕಾಪುವಿನಲ್ಲಿ ಒಬ್ಬ ಮೇಸ್ತ್ರಿ ಇದ್ದಾನೆ ಅಮ್ಮ. ನನ್ನ ಬೋಟು ಕಟ್ಟಿದವನು. ಅವನ ಕೈಕೆಲಸದಲ್ಲಿ ಮೋಸ ಇಲ್ಲ.”

ಈ ಮಾತನ್ನು ಡಾಕ್ಟ್ರಮ್ಮ ಮೊದಲ ದಿನವೇ ನನಗೆ ಹೇಳಿ ನಕ್ಕರು. “ನಿಮಗೆ ಒಳ್ಳೆ ಸರ್ಟಿಫಿಕೇಟ್ ಉಂಟು ಮೇಸ್ತ್ರಿಗಳೇ.” ನಾನು ಹಲಗೆ ಅಳೆಯುವ ನೆವದಲ್ಲಿ ತಲೆ ತಗ್ಗಿಸಿದೆ.

ಅಂದಿನಿಂದ ವಾರಕ್ಕೆರಡು ಸಲ ಕಾಪುವಿನಿಂದ ಬಸ್ಸು ಹತ್ತಿ, ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲಕ್ಕೆ ಹೋಗತೊಡಗಿದೆ. ಗೇಟಿನಲ್ಲಿ ಅವನು ನೀಲಿ ಅಂಗಿ ಹಾಕಿ ಕುರ್ಚಿಯಲ್ಲಿ ಕೂತಿರುತ್ತಿದ್ದ. ಇಬ್ಬರಿಗೂ ಒಂದೇ ಪ್ರಾಯ. ನಾವು ಮಾತಾಡುತ್ತಿದ್ದುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

“ಎಂತ ಮಾರಾಯ, ಹಡಗು ನೀರಿಗೆ ಇಳೀತಾ?” ಎಂದು ಕೇಳುತ್ತಿದ್ದ.

“ಇನ್ನೂ ಪಕ್ಕೆಲುಬು ನಿಲ್ಲಿಸ್ತಾ ಇದ್ದೇನೆ.”

“ನಿಧಾನ ಮಾಡು. ಲಿಫ್ಟು ಉಂಟು, ಟೀ ಉಂಟು, ಫ್ಯಾನು ಉಂಟು. ಮುಗಿಸಿದರೆ ಮತ್ತೆ ಯಾರು ಕೊಡ್ತಾರೆ ನಿನಗೆ? ಒಂದು ಮಾತ್ರ, ಅದಕ್ಕೆ ತಂಡೇಲ ಬೇಕು ಅಂತ ಅಮ್ಮ ಕೇಳಿದರೆ ನನ್ನ ಹೆಸರು ಹೇಳಬೇಡ. ಗಾಜಿನ ಪೆಟ್ಟಿಗೆಯಲ್ಲಿಯೂ ಮುಳುಗಿಸಿಯೇನು.”

ಅವನು ನಗುತ್ತಿದ್ದ. ನಾನೂ ನಗಬೇಕಾಗುತ್ತಿತ್ತು.

ಅವನಿಗೆ ಬದುಕಿನಲ್ಲಿ ಉಳಿದಿದ್ದ ಆಸೆ ಒಂದೇ. ಆ ಬೋಟಿನಲ್ಲಿ ತೀರಿಕೊಂಡವನು ಅವನ ಸ್ವಂತ ತಮ್ಮ. ತಮ್ಮನ ಹೆಂಡತಿ ಆಗ ಕೈಗೂಸಿನ ತಾಯಿ. ಈಗ ಕಾರ್ಕಳದಲ್ಲಿ ಆ ಮಗಳ ಮನೆಯಲ್ಲಿದ್ದಾಳೆ. ಪ್ರತಿ ವರ್ಷ ತಮ್ಮ ಸತ್ತ ದಿನ ಇವನು ಒಂದು ಚೀಲ ಹಣ್ಣು ಹಿಡಿದುಕೊಂಡು ಅಲ್ಲಿಗೆ ಹೋಗುತ್ತಾನೆ. ಮಗಳು ಗೇಟಿನವರೆಗೆ ಬಂದು ಚೀಲ ತೆಗೆದುಕೊಳ್ಳುತ್ತಾಳೆ. ತಾಯಿ ಹೊರಗೆ ಬರುವುದಿಲ್ಲ. ಇವನು ಸ್ವಲ್ಪ ಹೊತ್ತು ನಿಂತು ಹಿಂದೆ ಬರುತ್ತಾನೆ. “ಸಾಯುವುದರ ಒಳಗೆ ಒಂದು ಸಲ ಅವಳು ಒಳಗೆ ಬನ್ನಿ ಭಾವ ಅಂದರೆ ಸಾಕು. ನೀರು ಕೊಡುವುದೂ ಬೇಡ” ಎಂದು ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದ. ಕೇಳಿಸಿಕೊಂಡು ನಾನು ಕಾಪುವಿಗೆ ಹೋಗಿ ಊಟ ಮಾಡಿ ಮಲಗುತ್ತಿದ್ದೆ. ನಾನು ಎಂಥ ಮನುಷ್ಯ ಎಂಬುದಕ್ಕೆ ಇಷ್ಟು ಸಾಕು.

ಡಾಕ್ಟ್ರಮ್ಮ ಆ ಹಡಗಿನ ಜಾತಕವನ್ನೇ ಬಲ್ಲವರು. ನಾನು ಮರ ಕೆತ್ತುತ್ತಿರುವಾಗ ಎದುರಿನ ಸೋಫಾದಲ್ಲಿ ಕೂತು ದಪ್ಪ ಇಂಗ್ಲಿಷ್ ಪುಸ್ತಕ ತೆರೆದು ಕನ್ನಡದಲ್ಲಿ ಹೇಳುತ್ತಿದ್ದರು. ಕಾಡಿನಲ್ಲಿ ಸಾವಿರಾರು ಓಕ್ ಮರ ಕಡಿದು ಅದನ್ನು ಕಟ್ಟಿದರಂತೆ. ಬಾಗಿದ ಭಾಗಕ್ಕೆ ಬಾಗಿ ಬೆಳೆದ ಕೊಂಬೆಯನ್ನೇ ಹುಡುಕಿ ತರುತ್ತಿದ್ದರಂತೆ. ನಾವೂ ಹಾಗೆಯೇ ಮಾಡುತ್ತಿದ್ದೆವು ಎಂದು ಹೇಳಿದೆ. ನೀರಿಗಿಳಿಸಿದ ದಿನ ಊರಿಗೆ ಊರೇ ನೋಡಲು ಬಂದಿತ್ತಂತೆ. ಎಪ್ಪತ್ತನಾಲ್ಕು ಫಿರಂಗಿ, ಆರುನೂರು ಜನ. ಆ ಜನರಲ್ಲಿ ಎಷ್ಟೋ ಮಂದಿಯನ್ನು ಬೀದಿಯಿಂದ, ಹೆಂಡದಂಗಡಿಯಿಂದ ಹಿಡಿದು ಎಳೆದು ತಂದದ್ದಂತೆ.

“ಯುದ್ಧದಲ್ಲಿ ಸತ್ತದ್ದು ಕಡಿಮೆ ಮೇಸ್ತ್ರಿಗಳೇ” ಅಂದರು ಡಾಕ್ಟ್ರಮ್ಮ. “ಜ್ವರದಲ್ಲಿ, ವಸಡು ಕೊಳೆಯುವ ರೋಗದಲ್ಲಿ ಸತ್ತದ್ದೇ ಹೆಚ್ಚು. ಒಂದು ನಿಂಬೆಹಣ್ಣು ಸಾಕಿತ್ತು. ಗೊತ್ತಿದ್ದವರು ಹೇಳಿದರೂ ಕೇಳಿದವರು ಯಾರು?”

ಮೊದಲ ಕೆಲವು ವರ್ಷ ಆ ಹಡಗು ಬಿಸಿ ಸಮುದ್ರದಲ್ಲಿ, ಸಕ್ಕರೆ ಬೆಳೆಯುವ ದ್ವೀಪಗಳ ಕಡೆ ಕಾವಲಿಗಿತ್ತು. ಅಲ್ಲಿ ಹಡಗುಹುಳ ಅದರ ತಳವನ್ನು ಜೇನುಗೂಡಿನಂತೆ ಕೊರೆದು ಹಾಕಿತು. ಮೈಮೇಲೆ ಪಾಚಿ, ಚಿಪ್ಪು. ಹಾಯಿ ಎಷ್ಟು ಬಿಚ್ಚಿದರೂ ಓಡದು. ಹಿಂದೆ ತಂದು, ನೀರಿನಿಂದ ಮೇಲಕ್ಕೆ ತೆಗೆದು ಒಣಗಿಸಿ, ಹಲಗೆ ಬದಲಿಸಿ, ನೀರಿನ ಮಟ್ಟದಿಂದ ಕೆಳಗೆ ಪೂರ್ತಿ ತಾಮ್ರದ ತಗಡು ಹೊಡೆದರು. ಆಮೇಲೆ ಅದನ್ನು ಹಿಡಿಯುವವರೇ ಇರಲಿಲ್ಲವಂತೆ. ಓಡಿ ಹೋಗುವ ಫ್ರೆಂಚ್ ಹಡಗುಗಳನ್ನು ಬೆನ್ನಟ್ಟಿ ಹಿಡಿಯಿತು, ಹೆಸರು ಮಾಡಿತು.

ಡಾಕ್ಟ್ರಮ್ಮನಿಗೆ ತಮ್ಮ ಮಾದರಿ ಆ ದಿನಗಳ ಹಡಗಿನಂತೆಯೇ ಇರಬೇಕು, ತಾಮ್ರ ಹೊಳೆಯಬೇಕು, ಒಂದು ಬದಿಯಲ್ಲಿ ಮಾತ್ರ ಹಲಗೆ ಬಿಟ್ಟು ಒಳಗಿನ ಮರ, ಬೋಲ್ಟು ಎಲ್ಲ ಕಾಣಬೇಕು ಎಂದಿತ್ತು. ಒಂದು ದಿನ ನಾನು ಪಕ್ಕೆಲುಬಿಗೆ ಹಲಗೆ ಕೂರಿಸಿ ಸಣ್ಣ ಕಬ್ಬಿಣದ ಮೊಳೆ ಹೊಡೆದು, ಅದರ ಮೇಲೆ ಕಾಗದದಷ್ಟು ತೆಳುವಾದ ತಾಮ್ರ ಅಂಟಿಸುತ್ತಿದ್ದೆ. ಅವರು ಕನ್ನಡಕ ಏರಿಸಿ ಹತ್ತಿರ ಬಂದು ನೋಡಿದರು.

“ಅಯ್ಯೋ, ಎಂತ ಮಾಡಿದ್ರಿ ನೀವು? ತಾಮ್ರದ ಅಡಿಗೆ ಕಬ್ಬಿಣ ಹಾಕಿದ್ರಾ?”

“ಇದು ಗಾಜಿನ ಪೆಟ್ಟಿಗೆಯಲ್ಲಿ ಇರುವುದಲ್ವಾ ಅಮ್ಮ? ಉಪ್ಪುನೀರು ಎಲ್ಲಿಂದ ಬರಬೇಕು?”

ಅವರು ಜೋರಾಗಿ ನಕ್ಕರು. “ಬಾರದು, ಬಾರದು. ಆದರೆ ಅದೇ ತಪ್ಪು ಆ ಹಡಗಿಗೂ ಆದದ್ದು ಮಾರಾಯ್ರೇ! ಅದನ್ನೇ ಹೇಳಬೇಕು ಅಂತ ಇದ್ದೆ.”

ಅವರು ಹೇಳಿದರು. ತಾಮ್ರ ಹೊಡೆದ ಕೆಲವು ವರ್ಷಗಳಲ್ಲಿ, ದೊಡ್ಡ ಗಾಳಿಯೂ ಇಲ್ಲದ ದಿನ, ಆ ಹಡಗಿಗೆ ಇದ್ದಕ್ಕಿದ್ದಂತೆ ನೀರು ನುಗ್ಗಿತು. ಫಿರಂಗಿಗಳನ್ನು ಸಮುದ್ರಕ್ಕೆ ಎಸೆದು, ಹಗಲು ರಾತ್ರಿ ಪಂಪು ಹೊಡೆದು, ಹೇಗೋ ಬಂದರು ಸೇರಿದರು. ಕಪ್ತಾನ ಬಂಡೆಗೆ ತಾಗಿಸಿದ್ದಾನೆ ಎಂದು ಅವನನ್ನು ವಿಚಾರಣೆಗೆ ನಿಲ್ಲಿಸಿದರು. ಹಡಗನ್ನು ಒಣಗಿಸಿ ತಗಡು ಕಿತ್ತು ನೋಡಿದರೆ ಎಲ್ಲಿಯೂ ಬಂಡೆ ತಾಗಿದ ಗುರುತಿಲ್ಲ. ಹಲಗೆಗಳನ್ನು ಹಿಡಿದಿದ್ದ ಕಬ್ಬಿಣದ ಬೋಲ್ಟುಗಳು ಮಾತ್ರ ಕೈಯಲ್ಲಿ ಎಳೆದರೆ ಬರುತ್ತಿದ್ದವು. ಉಪ್ಪುನೀರಿನಲ್ಲಿ ತಾಮ್ರವೂ ಕಬ್ಬಿಣವೂ ಒಟ್ಟಿಗಿದ್ದರೆ ತಾಮ್ರ ಉಳಿಯುತ್ತದೆ, ಕಬ್ಬಿಣ ಕರಗುತ್ತದೆ. ಕಪ್ತಾನನನ್ನು ಬಿಟ್ಟರು.

“ಇನ್ನೂರು ವರ್ಷಕ್ಕಿಂತ ಹಿಂದೆಯೇ ಗೊತ್ತಾದ ಸಂಗತಿ ಇದು” ಅಂದರು ಡಾಕ್ಟ್ರಮ್ಮ. “ಹಿತ್ತಾಳೆ ಮೊಳೆ ತರಿಸ್ತೇನೆ, ಇದನ್ನು ಕೀಳಿ.”

ನಾನು ಇಕ್ಕುಳ ತೆಗೆದುಕೊಂಡು ಒಂದೊಂದೇ ಮೊಳೆ ಕಿತ್ತೆ. ಎಷ್ಟು ಹೊತ್ತು ಕಿತ್ತೆನೋ ತಿಳಿಯದು. ಅವರು ಟೀ ತಂದಿಟ್ಟದ್ದು ಕೆನೆ ಕಟ್ಟಿತ್ತು.

ಇಷ್ಟು ವರ್ಷ ನಾನು ಒಂದು ಮಾತಿನ ನೆರಳಿನಲ್ಲಿ ಕೂತಿದ್ದೆ. ಬಂಡೆ ತಾಗಿರಲೂಬಹುದು, ಯಾರು ಕಂಡವರು ಎಂಬ ಮಾತು. ಆ ಮಧ್ಯಾಹ್ನ ಅದು ಹೋಯಿತು.

ಈಗ ನಮ್ಮ ಬೋಟಿನದ್ದು ಹೇಳುತ್ತೇನೆ.

ಮರದ ಬೋಟಿನ ತಳಕ್ಕೆ ಹುಳ ಹಿಡಿಯದಂತೆ ತಗಡು ಹೊಡೆಯುವುದು ನಮ್ಮಲ್ಲಿಯೂ ಇತ್ತು. ಹೆಚ್ಚಿನವರು ಅಲ್ಯೂಮಿನಿಯಂ ಹೊಡೆಸುತ್ತಿದ್ದರು. ಆ ಬೋಟಿನ ಧನಿಗೆ, ಅಂದರೆ ಮಾಲೀಕರಿಗೆ, ತಾಮ್ರವೇ ಬೇಕೆಂಬ ಹಟ. ತಾಮ್ರ ಹೊಡೆದರೆ ತಳದ ಉದ್ದಕ್ಕೂ ಇರುವ ಅಡಿಮರದ ಬೋಲ್ಟುಗಳೂ ತಾಮ್ರದ್ದೇ ಇರಬೇಕು. ಸೋದರಮಾವ ನನಗೆ ಕಲಿಸಿದ ಮೊದಲ ಪಾಠಗಳಲ್ಲಿ ಇದೂ ಒಂದು. ಯಾಕೆ ಎಂದು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಮಳೆಗಾಲದಲ್ಲಿ ಬೋಟು ಕಟ್ಟಿ, ಮಳೆ ಇಳಿದು ಮೀನುಗಾರಿಕೆಗೆ ಕಡಲು ತೆರೆಯುವ ಹೊತ್ತಿಗೆ ನೀರಿಗಿಳಿಸುವುದು ಕ್ರಮ. ಅದಕ್ಕೆ ಭಟ್ಟರು ಮುಹೂರ್ತ ಇಟ್ಟುಕೊಡುತ್ತಾರೆ. ಒಮ್ಮೆ ಇಟ್ಟ ಮುಹೂರ್ತವನ್ನು ತಪ್ಪಿಸಿದರೆ ಬೋಟಿಗೆ ಕೇಡು ಎಂದು ಮೇಸ್ತ್ರಿಯಾದವನು ಏನು ಮಾಡಿಯಾದರೂ ಆ ದಿನಕ್ಕೆ ಕೆಲಸ ಮುಗಿಸುತ್ತಾನೆ. ಮುಹೂರ್ತ ತಪ್ಪಿಸಿದ ಮೇಸ್ತ್ರಿಯನ್ನು ಮತ್ತೆ ಯಾರೂ ಕರೆಯುವುದಿಲ್ಲ. ಆ ವರ್ಷ ತಾಮ್ರದ ಬೋಲ್ಟು ಸಮಯಕ್ಕೆ ಬರಲಿಲ್ಲ. ಘಟ್ಟದ ರಸ್ತೆ ಕುಸಿದು ಲಾರಿಗಳು ನಿಂತಿದ್ದವು. ಕೈಯಲ್ಲಿ ಕಬ್ಬಿಣದ್ದಿತ್ತು. ಬಿಸಿ ಡಾಂಬರಿನಲ್ಲಿ ಅದ್ದಿ, ಬೋಲ್ಟಿನ ತಲೆಗೆ ಹತ್ತಿ ಸುತ್ತಿ, ಹೊಡೆದೆ. ಮೇಲೆ ತಾಮ್ರ ಮುಚ್ಚಿತು. ಒಂದು ವರ್ಷಕ್ಕೇನೂ ಆಗದು, ಬರುವ ವರ್ಷ ಬೋಟು ಮೇಲೆಳೆದಾಗ ಬದಲಿಸಿದರಾಯಿತು ಎಂದುಕೊಂಡೆ. ಮುಹೂರ್ತ ತಪ್ಪಲಿಲ್ಲ. ಚೆಂಡೆ ಬಾರಿಸಿದರು, ತೆಂಗಿನಕಾಯಿ ಒಡೆದರು, ಧನಿ ನನಗೆ ಶಾಲು ಹೊದೆಸಿದರು. ತಂಡೇಲನ ತಮ್ಮ ಬೋಟಿನ ಮುಂದಲೆಯ ಮೇಲೆ ನಿಂತು ಕೂಗು ಹಾಕಿದ್ದು ನನಗೆ ನೆನಪಿದೆ. ಇಪ್ಪತ್ತು ದಾಟಿದ್ದ ಗಟ್ಟಿ ಆಳು.

ಮರುವರ್ಷ ಬೋಟು ಮೇಲೆ ಬಂತು. ಬೋಲ್ಟು ಬದಲಿಸಬೇಕಾದರೆ ತಗಡು ಬಿಚ್ಚಬೇಕು. ತಗಡು ಬಿಚ್ಚಿದರೆ ಒಳಗೆ ಹಾಕಿದ್ದು ಎಂತ ಎಂದು ಧನಿ ನೋಡುತ್ತಾರೆ. ಸುತ್ತಿಗೆಯಿಂದ ತಟ್ಟುತ್ತ ಹೋದೆ. ಮರ ಗಟ್ಟಿಯಿದ್ದರೆ ಒಂದು ಸದ್ದು, ಸಡಿಲಾದರೆ ಬೇರೆ ಸದ್ದು. ಮೇಸ್ತ್ರಿಯ ಕಿವಿಗೆ ತಿಳಿಯುತ್ತದೆ. ಅಡಿಮರದ ಹಿಂಭಾಗದಲ್ಲಿ ಎರಡು ಮೂರು ಕಡೆ ಸದ್ದು ಬೇರೆಯಾಗಿತ್ತು. ತಂಡೇಲ ನನ್ನ ಬದಿಯಲ್ಲೇ ಕುಕ್ಕುರುಗಾಲಲ್ಲಿ ಕೂತಿದ್ದ.

“ಹೇಗುಂಟು?” ಅಂದ.

“ಕಲ್ಲಿನ ಹಾಗೆ ಉಂಟು” ಅಂದೆ.

ಇದನ್ನು ತಪ್ಪು ಎಂದು ಹೇಳಿದರೆ ಸಾಲದು. ಬೋಲ್ಟು ಹೊಡೆದದ್ದು ತಪ್ಪು. ಇದು ಬೇರೆ.

ಆ ವರ್ಷದ ಮೀನುಗಾರಿಕೆ ಅರ್ಧ ಕಳೆದಿತ್ತು. ಒಂದು ಸಂಜೆ ಶಾಂತ ಕಡಲು. ಬೇಗ ದಡ ಸೇರಬೇಕೆಂದು ತಂಡೇಲ ಕಾಪುವಿನ ಬಂಡೆಗಳ ಹತ್ತಿರದ ದಾರಿ ಹಿಡಿದ. ಎಲ್ಲರೂ ಹಿಡಿಯುತ್ತಿದ್ದ ದಾರಿಯೇ. ಅಡಿಯಿಂದ ಒಂದು ಸದ್ದು ಬಂತಂತೆ, ನೀರು ನುಗ್ಗಿತಂತೆ. ಬಂಡೆಗೆ ತಾಗಿತು ಎಂದು ಅವನಿಗೆ ಆ ಗಳಿಗೆಯೇ ಅನಿಸಿತು. ತಮ್ಮನನ್ನು ಇಂಜಿನಿನ ಕೋಣೆಗೆ ಇಳಿದು ಪಂಪು ನೋಡು ಎಂದು ಕಳಿಸಿದ. ಅವನು ಮೇಲೆ ಬರಲಿಲ್ಲ. ಉಳಿದವರನ್ನು ಹಿಂದೆ ಬರುತ್ತಿದ್ದ ಇನ್ನೊಂದು ಬೋಟು ಎತ್ತಿಕೊಂಡಿತು.

ಊರವರು ನನ್ನನ್ನು ಕೇಳಿದರು. ಬೋಟು ಕಟ್ಟಿದವನು ನಾನಲ್ಲವೇ. “ಬಂಡೆ ತಾಗಿದರೆ ಯಾವ ಮರ ತಾನೇ ತಡೆದೀತು?” ಅಂದೆ. ನಾನು ಹೇಳಿದ್ದು ಪ್ರಶ್ನೆ ಮಾತ್ರ, ಸುಳ್ಳಲ್ಲ ಎಂದು ಬಹಳ ಕಾಲ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೇನೆ.

ಕೆಲವು ದಿನಗಳ ಮೇಲೆ ಕಾಪುವಿನ ಮರಳಿನಲ್ಲಿ ಒಂದು ಹಲಗೆ ತುಂಡು ಬಂದು ಬಿದ್ದಿತ್ತು. ನಾನೇ ಕಂಡೆ. ನನ್ನ ಕೈಯ ಹಲಗೆ ನನಗೆ ತಿಳಿಯದೆ? ಬೋಲ್ಟು ಇದ್ದ ತೂತು ಕಪ್ಪಾಗಿ, ಅಗಲವಾಗಿ ಬಾಯಿಬಿಟ್ಟಿತ್ತು. ಅದರಲ್ಲಿ ಸಿಕ್ಕಿಕೊಂಡಿದ್ದ ಕಬ್ಬಿಣ ಪೆನ್ಸಿಲಿನ ಸೀಸದಷ್ಟು ಸಪೂರ ಉಳಿದಿತ್ತು. ಮನೆಗೆ ತಂದು ಬಚ್ಚಲ ಒಲೆಗೆ ಇಟ್ಟೆ. ಡಾಂಬರಿನ ಮರ, ಚೆನ್ನಾಗಿ ಉರಿಯಿತು. ಆ ನೀರಿನಲ್ಲಿ ಸ್ನಾನ ಮಾಡಿದೆ.

ಮೊಳೆ ಕಿತ್ತ ದಿನ ನಾನು ಗೇಟಿನಲ್ಲಿ ಅವನ ಮುಖ ನೋಡದೆ ಬಂದೆ. ಮುಂದಿನ ಸಲ ಹೋದಾಗ ಡಾಕ್ಟ್ರಮ್ಮನನ್ನು ಕೇಳಿದೆ, “ಆ ಹಡಗು ಆಮೇಲೆ ಎಂತ ಆಯ್ತು ಅಮ್ಮ? ಆ ಕಪ್ತಾನ?”

“ಕಪ್ತಾನನಿಗೆ ಎಂತ ಆಗ್ತದೆ? ಬೇರೆ ಹಡಗು ಕೊಟ್ಟರು” ಎಂದು ಪುಟ ತಿರುವಿದರು. “ಹಡಗಿಗೆ ತಾಮ್ರ ಬೆರೆಸಿದ ಬೋಲ್ಟು ಹಾಕಿ ಮತ್ತೆ ಇಳಿಸಿದರು. ಒಂದು ಸಲ ನಮ್ಮ ಈ ಕಡಲಿಗೂ ಬಂದಿತ್ತಂತೆ, ವ್ಯಾಪಾರದ ಹಡಗುಗಳ ಕಾವಲಿಗೆ. ಆಮೇಲೆ ಮುದಿಯಾಯ್ತು. ಕಂಬ ಕಿತ್ತು, ಹಾಯಿ ತೆಗೆದು, ಒಂದು ಹೊಳೆಯ ಕೆಸರಿನಲ್ಲಿ ಕಟ್ಟಿ ಹಾಕಿ ಕೈದಿಗಳನ್ನು ತುಂಬಿದರು. ಫಿರಂಗಿಯ ಕಿಟಕಿಗೆಲ್ಲ ಸರಳು ಹಾಕಿ. ಎಷ್ಟೋ ವರ್ಷ ಹಾಗೇ ಇತ್ತು. ಕೊನೆಗೆ ಒಡೆದು ಮರ ಮಾರಿದರು.”

“ಅಷ್ಟೇನಾ?”

“ಅಷ್ಟೇ. ಹಡಗಿಗೆ ಇನ್ನೆಂತ ಬೇಕು?”

ಕೆಲಸ ಬಿಟ್ಟು ಎದ್ದೆ. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಕೆಳಗಿಳಿದೆ. ಅವನು ಗೇಟಿನಲ್ಲಿ ಬುತ್ತಿ ಬಿಚ್ಚುತ್ತಿದ್ದ. ಉಣ್ಣುವವನ ಎದುರು ಹೇಳಬಾರದೆಂದು ಕಾದೆ. ಅವನು ಕೈ ತೊಳೆದು ಬಂದ ಮೇಲೆ ಹೇಳಿದೆ. ಬೋಲ್ಟು, ಸದ್ದು, ಹಲಗೆ, ಒಲೆ, ಎಲ್ಲ. ಒಂದು ಕಾರು ಬಂತು. ಅವನು ಎದ್ದು ಗೇಟು ತೆರೆದು, ಸಲಾಮು ಹೊಡೆದು, ಮುಚ್ಚಿ, ಮತ್ತೆ ಬಂದು ಕೂತ.

“ಯಾವ ಭಾಗದ ಬೋಲ್ಟು?” ಅಂದ.

“ಹಿಂಭಾಗದ್ದು. ಇಂಜಿನಿನ ಅಡಿಯದ್ದು.”

“ಅಂದರೆ ಪಂಪು ಎಷ್ಟು ಹೊಡೆದರೂ ನೀರು ನಿಲ್ಲುತ್ತಿರಲಿಲ್ಲ.”

“ಇಲ್ಲ.”

“ನಾನು ಅವನನ್ನು ಅಲ್ಲಿಗೇ ಕಳಿಸಿದ್ದು.”

ನಾನು ಕಾಲು ಹಿಡಿಯಲು ಬಗ್ಗಿದೆ. ಅವನು ಕಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡ. “ನಾಟಕ ಬೇಡ. ಮೇಲಿನವರು ನೋಡ್ತಾರೆ. ನನ್ನ ಕೆಲಸ ಹೋಗ್ತದೆ” ಅಂದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಒಳ್ಳೆಯದಿತ್ತು. ಬುತ್ತಿಯ ಡಬ್ಬ ಮುಚ್ಚಿ ಚೀಲಕ್ಕೆ ಹಾಕಿ, “ಒಂದು ಉಪಕಾರ ಮಾಡು. ಇದನ್ನೇ ಅವಳ ಎದುರು ಹೇಳು. ಒಂದಕ್ಷರ ಬಿಡದೆ ಹೇಳು” ಅಂದ. ಅವನ ಮುಖದಲ್ಲಿ ನಾನು ಎಷ್ಟೋ ವರ್ಷಗಳಿಂದ ನೋಡದ ಒಂದು ಚುರುಕು ಬಂದಿತ್ತು. ಅದು ಆಸೆ. ಅದನ್ನು ಹುಟ್ಟಿಸಿದವನೂ ನಾನೇ.

ಅವನ ರಜೆಯ ದಿನ ಕಾರ್ಕಳದ ಬಸ್ಸು ಹತ್ತಿದೆವು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಹಣ್ಣಿನ ಚೀಲ ತರಲಿಲ್ಲ. “ಇವತ್ತು ಹಣ್ಣು ಬೇಡ. ಇವತ್ತು ಬೇರೆ ವಿಷಯ ಅಲ್ವಾ?” ಅಂದ. ದಾರಿಯುದ್ದಕ್ಕೂ ಎರಡು ಮೂರು ಸಲ ನನ್ನಿಂದ ಹೇಳಿಸಿಕೊಂಡ, ಪಾಠ ಒಪ್ಪಿಸುವವನಿಂದ ಹೇಳಿಸಿದ ಹಾಗೆ. “ಆ ಹಡಗಿನ ವಿಷಯವನ್ನೂ ಹೇಳು. ಪುಸ್ತಕದಲ್ಲಿ ಉಂಟು ಅಂತ ಹೇಳು.”

ಮಗಳು ಶಾಲೆಯಲ್ಲಿ ಟೀಚರು, ಕೆಲಸಕ್ಕೆ ಹೋಗಿದ್ದಳು. ಗೇಟಿನ ಸದ್ದಿಗೆ ತಾಯಿಯೇ ಬಾಗಿಲಿಗೆ ಬಂದಳು. ತಲೆ ಪೂರ್ತಿ ಬೆಳ್ಳಗಾಗಿದೆ. ಬೆನ್ನು ನೇರ. ಇವನನ್ನು ನೋಡಿ, “ಇವತ್ತು ಆ ದಿನ ಅಲ್ಲವಲ್ಲ ಭಾವ?” ಅಂದಳು.

“ಅಲ್ಲ. ಇವನು ಬೋಟು ಕಟ್ಟಿದ ಮೇಸ್ತ್ರಿ. ನಿನಗೆ ಒಂದು ವಿಷಯ ಹೇಳಲಿಕ್ಕೆ ಬಂದಿದ್ದಾನೆ.”

ಅವಳು ಒಳಗೆ ಕರೆಯಲಿಲ್ಲ. ಮೆಟ್ಟಿಲ ಮೇಲೆ ನಿಂತಳು. ನಾವು ಅಂಗಳದಲ್ಲಿ ನಿಂತೆವು. ನಾನು ಹೇಳಿದೆ. ಮುಗಿದ ಮೇಲೆ ಅವಳು ಕೇಳಿದಳು, “ಆ ಹಲಗೆ ಎಲ್ಲುಂಟು?”

“ಸುಟ್ಟೆ ಅಮ್ಮ. ಹೇಳಿದೆನಲ್ಲ, ಒಲೆಗೆ ಹಾಕಿದೆ.”

“ಕಬ್ಬಿಣದ ಬೋಲ್ಟು ಹಾಕಿದ್ದು ಬೇರೆ ಯಾರು ನೋಡಿದ್ದಾರೆ?”

“ನನ್ನ ಜೊತೆ ಕೆಲಸ ಮಾಡಿದವರು ಇಬ್ಬರು. ಇಬ್ಬರೂ ಈಗ ಇಲ್ಲ.”

“ಧನಿ?”

“ಅವರೂ ಇಲ್ಲ.”

“ಎಲ್ಲ ಸತ್ತ ಮೇಲೆ ನಿಮಗೆ ನೆನಪಾಯಿತಾ?”

ಇವನು ಮುಂದೆ ಬಂದು, “ಹಡಗಿನ ವಿಷಯ ಹೇಳು ಮಾರಾಯ” ಅಂದ. ನಾನು ಹೇಳಿದೆ. ಇಂಗ್ಲಿಷರ ಹಡಗು, ತಾಮ್ರದ ತಗಡು, ಕೈಯಲ್ಲಿ ಎಳೆದರೆ ಬಂದ ಬೋಲ್ಟು, ಬಿಡುಗಡೆಯಾದ ಕಪ್ತಾನ. ಹೇಳುತ್ತಿದ್ದಂತೆ ನನಗೇ ಅದು ಯಾರೋ ಕಲಿಸಿಕೊಟ್ಟ ಕಥೆಯಂತೆ ಕೇಳಿಸತೊಡಗಿತು. ಆ ಹಡಗು ದಡ ಸೇರಿತ್ತು. ಅದನ್ನು ಒಣಗಿಸಿ ನೋಡಿದರು. ನಮ್ಮದನ್ನು ಯಾರು ಒಣಗಿಸುತ್ತಾರೆ?

ಅವಳಿಗೆ ನಗು ಬಂತು. ಸಿಟ್ಟಿನ ನಗುವಲ್ಲ; ತಡೆಯಲಾಗದೆ ಬಂದದ್ದು. “ನನ್ನ ಗಂಡ ಸತ್ತದ್ದಕ್ಕೆ ಇನ್ನೂರು ವರ್ಷದ ಹಿಂದಿನ ಹಡಗು ಸಾಕ್ಷಿಯಾ? ಎಂತ ಭಾವ ಇದು? ಎಲ್ಲಿಂದ ಹುಡುಕಿ ತಂದಿರಿ ಇವರನ್ನು?”

“ನಾನು ತಂದದ್ದಲ್ಲ ಮಾರಾಯ್ತಿ. ಅವನೇ ಹೇಳಿದ.”

“ಹೌದಾ? ಇಷ್ಟು ವರ್ಷ ಇಲ್ಲದ್ದು ಈಗ ಅವರೇ ಹೇಳಿದರಾ?” ಅವಳ ದನಿ ಸಣ್ಣದಾಯಿತು. “ಭಾವ, ನೀವು ವರ್ಷ ವರ್ಷ ಬಂದು ಈ ಗೇಟಿನ ಹತ್ತಿರ ನಿಲ್ಲುತ್ತಿದ್ದಿರಿ. ನಾನು ಹೊರಗೆ ಬರ್ತಿರಲಿಲ್ಲ. ಆದರೆ ಒಳಗಿನ ಕಿಟಕಿಯಿಂದ ನೋಡ್ತಿದ್ದೆ. ಮಗಳಿಗೆ ಹೇಳ್ತಿದ್ದೆ, ಮಾಡಿದ ತಪ್ಪನ್ನು ಹೊತ್ತುಕೊಂಡು ನಿಲ್ಲುವ ಮನುಷ್ಯ, ಹಣ್ಣನ್ನು ಬೇಡ ಅನ್ನಬೇಡ ಅಂತ. ಈ ವರ್ಷ ಒಳಗೆ ಕರೆಯುವ ಅಂತ ಅವಳು ಹೇಳಿದ್ದಳು. ನಾನೂ ಆಗಲಿ ಅಂದಿದ್ದೆ. ಈಗ ನೀವು ನನ್ನದಲ್ಲ ತಪ್ಪು ಅಂತ ಹೇಳಲಿಕ್ಕೆ ಒಬ್ಬರನ್ನು ಕರೆದುಕೊಂಡು ಬಂದಿದ್ದೀರಿ.”

ಅವನು ಗೇಟಿನ ಕಡೆಗೆ ಒಂದು ಹೆಜ್ಜೆ ಹಿಂದೆ ಸರಿದ.

ನಾನು ದೇವರ ಆಣೆ ಇಟ್ಟೆ. ಮಕ್ಕಳ ಆಣೆ ಇಟ್ಟೆ. ಅವಳು ನನ್ನ ಕಡೆ ನೋಡಲೇ ಇಲ್ಲ. “ಇನ್ನು ಬರಬೇಡಿ ಭಾವ” ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿದಳು. ಬಾಗಿಲನ್ನು ಬಡಿಯಲಿಲ್ಲ. ಮೆಲ್ಲಗೆ ಹಾಕಿದಳು.

ನಿಜ ಹೇಳಿದರೆ ಹಗುರಾಗುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಹಗುರಾಗಲಿಲ್ಲ. ನಾನು ಸುಮ್ಮನಿದ್ದಷ್ಟು ಕಾಲ ಅವನಿಗೆ ನಿಲ್ಲಲು ಒಂದು ಗೇಟಾದರೂ ಇತ್ತು. ಇನ್ನೊಂದು ಮಳೆಗಾಲ ಬಾಯಿ ಮುಚ್ಚಿಕೊಂಡಿದ್ದರೆ ಅವನು ಆ ಮನೆಯೊಳಗೆ ಕೂರುತ್ತಿದ್ದ. ಹಾಗೆಂದು ಸುಮ್ಮನಿರಬೇಕಿತ್ತೇ? ಅದೂ ಅಲ್ಲ. ಹೇಳಬೇಕಾದ ದಿನ ಹಲಗೆ ನನ್ನ ಕೈಯಲ್ಲಿತ್ತು. ಆಗ ಹೇಳಿದ್ದರೆ ಅದು ನಿಜ. ಈಗ ಹೇಳಿದರೆ ಅದೇ ಮಾತು ಅವನ ಹೊಸ ಅಪರಾಧ. ಒಬ್ಬನ ಮೇಲೆ ಎರಡು ಸಲ ಹೊರಿಸಿದೆ. ಇದಕ್ಕೆ ಪರಿಹಾರ ಉಂಟೆಂದು ನನಗೆ ತೋರುವುದಿಲ್ಲ.

ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಅವನು ಒಂದು ಸೋಡಾ ಕುಡಿದ. ನನಗೆ ಬೇಕಾ ಎಂದು ಕೇಳಲಿಲ್ಲ. ಬಸ್ಸಿನಲ್ಲಿ ಸೀಟು ಬೇಕಾದಷ್ಟು ಖಾಲಿಯಿತ್ತು. ನಾನು ಅವನ ಬದಿಯಲ್ಲಿ ಕೂರಹೋದೆ. “ಹಿಂದೆ ಕೂತುಕೋ” ಅಂದ. ಹಿಂದೆ ಕೂತೆ. ಹಿರಿಯಡ್ಕ ದಾಟಿದ ಮೇಲೆ ಅವನೇ ಎದ್ದು, ಸರಳು ಹಿಡಿದುಕೊಂಡು ನನ್ನ ಸೀಟಿನ ಹತ್ತಿರ ಬಂದು ನಿಂತ.

“ನೀನು ಹೇಳಿದ್ದು ನಿಜವೇ ಅಲ್ವಾ?” ಅಂದ.

“ನಿನಗೂ ಸಂಶಯವಾ?”

“ಅವಳು ಕೇಳಿದ ಮೇಲೆ ನನಗೂ ಹಾಗೆ ಅನಿಸ್ತಾ ಉಂಟು. ನನ್ನ ಸಮಾಧಾನಕ್ಕೆ ಹೇಳಿದೆಯಾ ಅಂತ. ಮುದಿ ಪ್ರಾಯದಲ್ಲಿ ಒಂದು ಪುಣ್ಯ ಇರಲಿ ಅಂತ.”

“ನಿಜ ಮಾರಾಯ. ನಾನೇ ಹೊಡೆದ ಬೋಲ್ಟು.”

ಅವನು ತಲೆಯಾಡಿಸಿದ. ನಂಬಿ ಆಡಿಸಿದನೋ, ಸಾಕು ಎಂದು ಆಡಿಸಿದನೋ ನನಗೆ ಇವತ್ತಿಗೂ ಗೊತ್ತಿಲ್ಲ.

“ಅಮ್ಮನ ಕೆಲಸ ಮುಗಿಸಿಬಿಡು” ಅಂದ. “ಆದರೆ ನನ್ನ ಪಾಳಿ ಇಲ್ಲದಾಗ ಬಾ. ಮಧ್ಯಾಹ್ನದ ಮೇಲೆ ಇನ್ನೊಬ್ಬ ಇರ್ತಾನೆ. ಗೇಟು ಅವನು ತೆಗೀತಾನೆ.”

ಮಣಿಪಾಲ ಬಂತು. ಅವನ ರಜೆಯ ದಿನ. ಇಳಿಯಬೇಕಾದ್ದು ಅಲ್ಲಲ್ಲ, ಕೆಮ್ಮಣ್ಣಿಗೆ ಹೋಗಲು ಉಡುಪಿಯವರೆಗೆ ನನ್ನ ಜೊತೆಗೇ ಬರಬೇಕಿತ್ತು. ಅವನು ಅಲ್ಲೇ ಇಳಿದ. ಮುಂದಿನ ಬಸ್ಸಿಗೆ ಕಾಯುವವರ ಸಾಲಿನಲ್ಲಿ, ನನಗೆ ಬೆನ್ನು ಹಾಕಿ, ಬಿಳಿ ಅಂಗಿಯಲ್ಲಿ ನಿಂತ. ಕಂಡಕ್ಟರ್ ಸೀಟಿ ಊದಿದ.